ಭೀಮೆ ಉಕ್ಕಿದರೂ ನಿಲ್ಲಬಾರದ ಕೆಲಸಗಳು

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಸುರಿದ ಮಳೆಯ ನೀರು, ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು ಎರಡೂ ಸೇರಿ ಇಂಡಿ, ಸಿಂದಗಿ ಸೀಮೆಯ ಭೀಮಾ ದಂಡೆಯ ಹಳ್ಳಿಗಳಿಗೆ ನುಗ್ಗಿದವು. ತೊಗರಿ, ಹತ್ತಿ, ಕಬ್ಬು ಮುಳುಗಿದವು. ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದರು. ಅಕ್ಟೋಬರ್ 21ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ವೈಮಾನಿಕ ಸಮೀಕ್ಷೆ ನಡೆಸಿದರು.

ಜೀವ ಉಳಿಸುವುದು ಮೊದಲ ಕೆಲಸ, ಸರಿ. ಆದರೆ ನದಿ ಇಳಿಯುವವರೆಗೆ ಕುಡಿಯುವ ನೀರು, ರೇಷನ್, ಔಷಧ ನಿಲ್ಲದಂತೆ ನೋಡಿಕೊಳ್ಳುವವರು ಯಾರು?

ಬ್ಯಾಂಕು, ಕಾರ್ಖಾನೆಗಳು ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳುತ್ತವೆ. ಅದಕ್ಕೆ ವ್ಯವಹಾರ ನಿರಂತರತೆಯ ಯೋಜನೆ ಎಂದು ಹೆಸರು. 2012ರಲ್ಲಿ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಯಾವ ಕೆಲಸ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು, ಕಚೇರಿ ಮುಳುಗಿದರೆ ಎಲ್ಲಿ ಕೂರುವುದು, ಹೊಣೆ ಹೊತ್ತವರು ಬರಲಾಗದಿದ್ದರೆ ಬದಲಿಗೆ ಯಾರು, ಕಾಗದಪತ್ರದ ಇನ್ನೊಂದು ಪ್ರತಿ ಎಲ್ಲಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಬರೆದಿಟ್ಟರೆ ಸಾಲದು, ವರ್ಷಕ್ಕೊಮ್ಮೆಯಾದರೂ ತಾಲೀಮು ಮಾಡಿ ನೋಡಬೇಕು.

ಕರ್ನಾಟಕ ಇದರ ಒಂದು ಭಾಗವನ್ನು ಆಗಲೇ ಮಾಡಿ ತೋರಿಸಿದೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಈಗ ಹೊಳೆಯ ನೀರು ಚಾವಡಿಗೆ ಹೊಕ್ಕರೂ ರೈತನ ಪಹಣಿ ಉಳಿಯುತ್ತದೆ. ರೇಷನ್ ಅಂಗಡಿಯ ಕತೆ ಬೇರೆ. ಬೆರಳಚ್ಚಿನ ಯಂತ್ರಕ್ಕೆ ಕರೆಂಟು, ನೆಟ್‌ವರ್ಕ್ ಬೇಕು. ನೆರೆಯಲ್ಲಿ ಮೊದಲು ಹೋಗುವುದು ಅವೇ. ಕಾರ್ಡು ನೋಡಿ, ಪುಸ್ತಕದಲ್ಲಿ ಬರೆದು ಧಾನ್ಯ ಕೊಡುವ ಅನುಮತಿ ಆ ಹೊತ್ತಿನಲ್ಲಿ ಅಂಗಡಿಯವರ ಕೈಯಲ್ಲೇ ಇರಬೇಕು. ನದಿದಂಡೆಯ ಜಾಕ್‌ವೆಲ್, ಮೋಟಾರು, ಟಿಸಿ (ಟ್ರಾನ್ಸ್‌ಫಾರ್ಮರ್) ಮುಳುಗಿದರೆ ಊರ ಸುತ್ತ ನೀರಿದ್ದೂ ನಲ್ಲಿ ಒಣಗುತ್ತದೆ. ಎತ್ತರದ ಯಾವ ಕೊಳವೆಬಾವಿಗೆ ಜನರೇಟರ್ ತರಬೇಕು, ಅದು ಯಾರ ಬಳಿ ಇದೆ ಎಂಬುದು ಮೇ ತಿಂಗಳಲ್ಲೇ ಗೊತ್ತಿರಬೇಕು. ಇಂಡಿಯ ಲಿಂಬೆಯೂ ರಸ್ತೆ ತೆರೆಯುವವರೆಗೆ ಕಾಯುವುದಿಲ್ಲ; ಮಾರುಕಟ್ಟೆಗೆ ಬಳಸುದಾರಿ ಯಾವುದೆಂದು ಎಪಿಎಂಸಿ ಮೊದಲೇ ಗುರುತಿಸಬೇಕು.

ಭೀಮೆಯ ನೆರೆ ಭೂಕಂಪದಂತೆ ಹೇಳದೆ ಕೇಳದೆ ಬರುವುದಲ್ಲ. ಉಜನಿಯ ಗೇಟು ಎತ್ತಿದ ಸುದ್ದಿ ನೀರಿಗಿಂತ ಮೊದಲೇ ಇಲ್ಲಿಗೆ ತಲುಪುತ್ತದೆ. ಆ ಬಿಡುವನ್ನು ಸಾಮಾನು ಸಾಗಿಸುವುದಕ್ಕೆ ಮಾತ್ರ ಬಳಸಿದರೆ ಅರ್ಧ ಲಾಭ ಕೈತಪ್ಪಿದಂತೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 32ನೇ ಕಲಂ ಪ್ರಕಾರ ಜಿಲ್ಲಾ ಮಟ್ಟದ ಪ್ರತಿ ಸರ್ಕಾರಿ ಕಚೇರಿಯೂ ಸ್ಥಳೀಯ ಸಂಸ್ಥೆಯೂ ತನ್ನದೇ ವಿಪತ್ತು ಯೋಜನೆ ಮಾಡಿಕೊಳ್ಳಬೇಕು. ಮುಂಗಾರಿಗೆ ಮುಂಚಿನ ಗ್ರಾಮಸಭೆಯಲ್ಲಿ ನಿಮ್ಮ ಪಂಚಾಯಿತಿಯ ಯೋಜನೆಯನ್ನು ಕೇಳಿ ಪಡೆಯಿರಿ, ಅದರಲ್ಲಿ ಜನರೇಟರಿನ ಹೊಣೆ ಯಾರ ಹೆಸರಿಗಿದೆ ಎಂದು ಓದಿ ನೋಡಿ.