ಮನೆಯೊಳಗೊಂದು ಹವಳದ ದಿಬ್ಬ

(ಸಂಘದ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹವಳವೆಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಅಜ್ಜಿಯ ಕೊರಳಿನಲ್ಲಿದ್ದ ಕೆಂಪು ಮಣಿಗಳ ಸರ. ಆ ಹವಳವು ಮೆಡಿಟರೇನಿಯನ್ ಸಮುದ್ರದ ಮಂದ ಬೆಳಕಿನಲ್ಲಿ ಬೆಳೆಯುವ ಜೀವಿಯೊಂದರ ಅಸ್ಥಿ. ಇಂದು ನಾವು ಹೇಳಹೊರಟಿರುವುದು ಅದರ ದಾಯಾದಿಗಳ ವಿಷಯ. ಅವು ಉಷ್ಣವಲಯದ ತಿಳಿನೀರಿನಲ್ಲಿ, ಬಿಸಿಲನ್ನೇ ನೆಚ್ಚಿಕೊಂಡು, ತಲೆಮಾರಿನ ಮೇಲೆ ತಲೆಮಾರು ಸುಣ್ಣದ ದಿಬ್ಬಗಳನ್ನು ಕಟ್ಟುವ ಹವಳಗಳು. ಅಂತಹ ದಿಬ್ಬದ ಒಂದು ತುಣುಕನ್ನು ಮನೆಯ ಹಜಾರದಲ್ಲಿಟ್ಟು ಸಾಕಬಹುದೇ ಎಂದು ಸಂಘದ ಹಲವು ತಂದೆತಾಯಿಯರು ನಮ್ಮನ್ನು ಕೇಳಿದ್ದಾರೆ. 2003ರಲ್ಲಿ ‘ಫೈಂಡಿಂಗ್ ನೀಮೊ’ ಚಿತ್ರ ತೆರೆಕಂಡಂದಿನಿಂದ ಕಿತ್ತಳೆ ಬಣ್ಣದ ಆ ಮೀನಿಗಾಗಿ ಹಟ ಹಿಡಿಯದ ಮಕ್ಕಳಿರುವ ಮನೆ ಅಪರೂಪ. ಸಾಕಬಹುದು ಎಂಬುದೇ ನಮ್ಮ ಉತ್ತರ. ಆದರೆ ಮೀನಿಗಿಂತ ಒಂದೂವರೆ ತಿಂಗಳು ಮೊದಲೇ ನೀರು ಮನೆಗೆ ಬಂದಿರಬೇಕು.

ಈ ಮಾತನ್ನು ನಾವು ಕಲಿತ ಬಗೆ ಅಷ್ಟು ಹೆಮ್ಮೆಯದಲ್ಲ. ನಮ್ಮ ಮೊದಲ ತೊಟ್ಟಿಯನ್ನು ಒಂದು ಶನಿವಾರ ಕೊಂಡುತಂದೆವು. ಭಾನುವಾರ ಉಪ್ಪುನೀರು ತುಂಬಿದೆವು. ಅಂಗಡಿಯವರು ಅಡ್ಡಿಯಿಲ್ಲವೆಂದರು, ಮರುದಿನವೇ ಎರಡು ಮೀನುಗಳನ್ನು ಬಿಟ್ಟೆವು. ಒಂಬತ್ತನೆಯ ದಿನ ಎರಡೂ ಸತ್ತವು. ಏಳು ವರ್ಷದ ಮಗಳು ಗಾಜಿಗೆ ಮುಖವಿಟ್ಟು, “ನೀರು ಇಷ್ಟು ತಿಳಿಯಾಗಿದೆಯಲ್ಲ ಅಪ್ಪ, ಮತ್ತೆ ಯಾಕೆ ಸತ್ತುಹೋದವು?” ಎಂದು ಕೇಳಿದಳು. ಉತ್ತರ ನಮ್ಮಲ್ಲಿರಲಿಲ್ಲ. ಈ ಉಪನ್ಯಾಸದ ಹೆಚ್ಚಿನ ಭಾಗ ಆ ಪ್ರಶ್ನೆಗೆ ತಡವಾಗಿ ದೊರೆತ ಉತ್ತರವೇ ಆಗಿದೆ.

ಮೀನು ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯವೇ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ಮೀನನ್ನು ಕೊಲ್ಲುವಷ್ಟು ಸೇರಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ. ಕಡಲಿನ ನೀರು ತುಸು ಕ್ಷಾರಗುಣದ್ದಾದ ಕಾರಣ, ಸಿಹಿನೀರಿಗಿಂತ ಅಲ್ಲಿ ಅಮೋನಿಯದ ಹೆಚ್ಚಿನ ಪಾಲು ವಿಷರೂಪದಲ್ಲಿರುತ್ತದೆ. ಸಮುದ್ರದಲ್ಲಿ ಇದನ್ನು ತೊಡೆದುಹಾಕುವವು ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ಇನ್ನೊಂದು ಬಗೆಯವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಆಗಿ ಮಾಡುತ್ತವೆ. ಇವುಗಳನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಇವು ಇರುವುದಿಲ್ಲ. ನಮ್ಮ ಮೀನುಗಳು ತಮ್ಮದೇ ವಿಸರ್ಜನೆಯಲ್ಲಿ ಉಸಿರುಗಟ್ಟಿದ್ದವು.

ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸುವುದು ಸುಲಭ. ಹಾಲು ತಾನಾಗಿ ಒಳ್ಳೆಯ ಮೊಸರಾಗದು. ಹೆಪ್ಪು ಬೇಕು, ಹದವಾದ ಬೆಚ್ಚಗೆ ಬೇಕು, ಅಲುಗಿಸದೆ ಕಾಯುವ ತಾಳ್ಮೆ ಬೇಕು. ಈ ಚಳಿನಾಡಿಗೆ ಬಂದ ಹೊಸತರಲ್ಲಿ ಒಂದು ಬಟ್ಟಲು ಹೆಪ್ಪಿಗಾಗಿ ಊರಿನ ಇನ್ನೊಂದು ತುದಿಗೆ ಕಾರು ಓಡಿಸಿದವರು ಈ ಸಭೆಯಲ್ಲಿಯೇ ಇದ್ದಾರೆ. ಹವಳದ ತೊಟ್ಟಿಗೆ ಹೆಪ್ಪೆಂದರೆ ‘ಜೀವಂತ ಕಲ್ಲು’. ಕಲ್ಲಿಗೆ ಜೀವವಿಲ್ಲ, ಸತ್ತ ಹವಳದ ಸುಣ್ಣದ ತುಂಡಿನ ರಂಧ್ರ ರಂಧ್ರಗಳಲ್ಲಿ ಮೇಲೆ ಹೇಳಿದ ಬ್ಯಾಕ್ಟೀರಿಯಗಳೂ ಸಣ್ಣಪುಟ್ಟ ಹುಳುಗಳೂ ಪಾಚಿಗಳೂ ಮನೆಮಾಡಿರುತ್ತವೆ. ಜಕಾರ್ತದ ಲೀ ಚಿನ್ ಎಂಗ್ ಎಂಬುವರು ಇಂತಹ ಕಲ್ಲು, ಗಾಳಿಗುಳ್ಳೆ, ಬಿಸಿಲು, ಇಷ್ಟರಿಂದಲೇ ಹವಳಗಳನ್ನು ಸಾಕುವ ಕ್ರಮವನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಆಗ ಅದನ್ನು ಮನಸ್ಸಿಗೆ ಹಚ್ಚಿಕೊಂಡವರು ಕಡಮೆ. ಮುಂದೆ ಬರ್ಲಿನ್ ನಗರದ ಹವ್ಯಾಸಿಗಳು ಕಲ್ಲಿನ ಜೊತೆಗೆ ಪ್ರಖರವಾದ ದೀಪವನ್ನೂ ನೊರೆ ತೆಗೆಯುವ ಯಂತ್ರವನ್ನೂ ಸೇರಿಸಿ ಅದನ್ನು ಬೆಳೆಸಿದರು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆದ್ದ ಮಡ್ಡಿಯನ್ನು ಬಳಿದು ತೆಗೆಯುವುದನ್ನು ನೋಡಿದವರಿಗೆ ಆ ಯಂತ್ರದ ಕೆಲಸ ಹೊಸತೆನಿಸದು. ಸಣ್ಣ ತೊಟ್ಟಿಗೆ ಅದು ಅನಿವಾರ್ಯವಲ್ಲ. ವಾರವಾರವೂ ನೀರು ಬದಲಿಸುವ ಶ್ರದ್ಧೆಯಿದ್ದರೆ ಸಾಕು.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಚಿಕ್ಕದಾದಷ್ಟೂ ಸುಲಭವೆಂಬುದು ತಪ್ಪು ತಿಳಿವಳಿಕೆ. ನೀರು ಕಡಮೆಯಾದಷ್ಟೂ ಉಷ್ಣತೆ, ಉಪ್ಪಿನಂಶಗಳು ಬೇಗ ಏರುಪೇರಾಗುತ್ತವೆ. 20 ಗ್ಯಾಲನ್, ಅಂದರೆ ಸುಮಾರು 75 ಲೀಟರಿನ ತೊಟ್ಟಿಗಿಂತ ಕೆಳಗಿಳಿಯಬೇಡಿರೆಂದು ನಮ್ಮ ಸಲಹೆ. ನೀರೊಂದೇ 75 ಕಿಲೋಗ್ರಾಮ್ ತೂಗುತ್ತದೆ. ಕಲ್ಲು, ಮರಳು, ಪೀಠ ಸೇರಿದರೆ ನೂರನ್ನು ಮೀರುತ್ತದೆ. ಆದುದರಿಂದ ಪುಸ್ತಕದ ಕಪಾಟು ಇದಕ್ಕೆ ತಕ್ಕ ಸ್ಥಳವಲ್ಲ. ನೇರ ಬಿಸಿಲು ಬೀಳುವ ಕಿಟಕಿಯ ಬಳಿಯೂ ಬೇಡ. ತಂತಿಗಳು ಸಾಕೆಟ್ಟಿಗಿಂತ ಕೆಳಗೆ ಜೋತು ಬಳಿಕ ಮೇಲೇರುವಂತಿರಲಿ. ಆಗ ತಂತಿಗುಂಟ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟನ್ನು ಸೇರುವುದಿಲ್ಲ. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಜಿ.ಎಫ್.ಸಿ.ಐ. ಸಾಕೆಟ್ ಇಲ್ಲದೆ ಉಪ್ಪುನೀರಿನ ತೊಟ್ಟಿಯನ್ನು ಹೂಡಲೇಬಾರದು. ಮಕ್ಕಳು ಕೈಯಿಡುವ ನೀರು ಅದು.

ಇನ್ನು ನೀರಿನ ವಿಷಯ. ಅಡುಗೆಯ ಉಪ್ಪನ್ನು ಕರಗಿಸಿದರೆ ಕಡಲಾಗುವುದಿಲ್ಲವೇ ಎಂದು ಕೂಟದಲ್ಲಿ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ಸಹಜವಾದುದೇ. ಕಡಲಿನ ಲವಣಗಳಲ್ಲಿ ಸೋಡಿಯಮ್ ಮತ್ತು ಕ್ಲೋರೈಡುಗಳ ಪಾಲು ನೂರಕ್ಕೆ ಸುಮಾರು 85. ಉಳಿದ 15ರಲ್ಲಿ ಸಲ್ಫೇಟ್, ಮೆಗ್ನೀಷಿಯಮ್, ಕ್ಯಾಲ್ಸಿಯಮ್, ಪೊಟ್ಯಾಸಿಯಮ್ ಮೊದಲಾದವು ಇವೆ. ಹವಳ ತನ್ನ ಅಸ್ಥಿಯನ್ನು ಕಟ್ಟಲು ಕ್ಯಾಲ್ಸಿಯಮ್ಮನ್ನೂ ಕಾರ್ಬೊನೇಟನ್ನೂ ನೀರಿನಿಂದಲೇ ಹೀರುವುದರಿಂದ, ಆ ಸಣ್ಣ ಪಾಲಿನ ಮೇಲೆಯೇ ಅದರ ಬದುಕು ನಿಂತಿದೆ. ಆದ್ದರಿಂದ ಅಕ್ವೇರಿಯಮ್ಮಿಗೆಂದೇ ತಯಾರಾದ ಲವಣಮಿಶ್ರಣವನ್ನು ಕೊಳ್ಳಬೇಕು; ಲೀಟರಿಗೆ ಸುಮಾರು 35 ಗ್ರಾಮ್ ಹಿಡಿಯುತ್ತದೆ. ಅದನ್ನು ನಲ್ಲಿಯ ನೀರಿಗೆ ಬೆರೆಸಬಾರದು. ಇಲ್ಲಿಯ ಅನೇಕ ನಗರಗಳ ನೀರಿನಲ್ಲಿ ಕ್ಲೋರಮಿನ್ ಇರುತ್ತದೆ. ತಾಮ್ರದ ಕೊಳವೆಗಳಿಂದ ಬರುವ ತಾಮ್ರದ ಅಂಶ ನಮಗೆ ಹಾನಿಯಲ್ಲದಿದ್ದರೂ ಬಸವನಹುಳು, ಸಿಗಡಿ, ಹವಳಗಳಿಗೆ ವಿಷ. ರಿವರ್ಸ್ ಆಸ್ಮೋಸಿಸ್ ಮತ್ತು ಅಯಾನು ತೆಗೆಯುವ ರಾಳಗಳ ಮೂಲಕ ಹಾಯ್ದ ನೀರೇ ಆಗಬೇಕು. ಬೆರೆಸಿದ ನೀರಿನ ಸಾಪೇಕ್ಷ ಸಾಂದ್ರತೆ 1.025ರಷ್ಟು, ಉಷ್ಣತೆ 78 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಇರಲಿ. ಇದನ್ನು ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಪುಟ್ಟ ಉಪಕರಣವಿದೆ. ತೇಲುವ ಪ್ಲಾಸ್ಟಿಕ್ ಮಾಪಕವನ್ನು ನಾವು ನಂಬುವುದನ್ನು ಬಿಟ್ಟಿದ್ದೇವೆ.

ಹೊಸಬರು ಎಡವುವ ಇನ್ನೊಂದು ತಾಣವಿದೆ. ತೊಟ್ಟಿಯ ನೀರು ದಿನವೂ ಆವಿಯಾಗಿ ಇಳಿಯುತ್ತದೆ. ಆ ಕೊರತೆಯನ್ನು ಉಪ್ಪುನೀರಿನಿಂದ ತುಂಬುವುದೇ ಸರಿಯೆಂದು ತೋರುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡವರು ಒಂದು ಕ್ಷಣ ಅವನ್ನು ನೆನೆದುಕೊಂಡರೆ ತಪ್ಪು ಹೊಳೆಯುತ್ತದೆ. ಗದ್ದೆಗೆ ಕಟ್ಟಿದ ಕಡಲನೀರು ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಮತ್ತೆ ಮತ್ತೆ ಉಪ್ಪುನೀರು ಹಾಯಿಸಿದರೆ ಉಪ್ಪು ಹೆಚ್ಚುತ್ತಲೇ ಹೋಗುತ್ತದೆ. ತೊಟ್ಟಿಯಲ್ಲಿಯೂ ಆಗುವುದು ಇದೇ. ಆವಿಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು, ಅದನ್ನೂ ದಿನದಿನವೂ ಸ್ವಲ್ಪಸ್ವಲ್ಪವಾಗಿ. ಉಪ್ಪುನೀರು ಬೇಕಾಗುವುದು ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರನ್ನು ತೆಗೆದು ಹೊಸದನ್ನು ಹಾಕುವಾಗ ಮಾತ್ರ.

ಮರಳು, 15ರಿಂದ 20 ಪೌಂಡ್ ಕಲ್ಲು, ನೀರು, ಅಲೆಯಾಡಿಸುವ ಪಂಪು, ಶಾಖಯಂತ್ರಗಳು ಕೂಡಿದ ಮೇಲೆ ಚಿಟಿಕೆ ಮೀನಿನ ಆಹಾರವನ್ನೋ ಒಂದು ಸಿಗಡಿ ತುಂಡನ್ನೋ ಹಾಕಿ ಕಾಯಬೇಕು. ಪರೀಕ್ಷೆಯ ದ್ರಾವಣಗಳಿಂದ ಎರಡು ಮೂರು ದಿನಕ್ಕೊಮ್ಮೆ ಅಳೆಯುತ್ತಿದ್ದರೆ ಮೊದಲು ಅಮೋನಿಯ ಏರಿ ಇಳಿಯುವುದು, ಬಳಿಕ ನೈಟ್ರೈಟ್ ಏರಿ ಇಳಿಯುವುದು ಕಾಣುತ್ತದೆ. ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಬರಿಯ ಕಲ್ಲುನೀರನ್ನು ಇಷ್ಟು ದಿನ ನೋಡುವುದು ಮಕ್ಕಳಿಗೆ ಬೇಸರವೆಂದು ಭಾವಿಸಿದ್ದೆವು. ಎರಡನೆಯ ಸಲ ಮಗಳಿಗೆ ಪರೀಕ್ಷೆಯ ನಳಿಕೆಗಳನ್ನೇ ವಹಿಸಿಕೊಟ್ಟೆವು. ಬಣ್ಣ ಹಸುರಿನಿಂದ ಹಳದಿಗೆ ತಿರುಗಿದ ಸಂಜೆ ಅವಳು ಅಡಿಗೆಮನೆಗೆ ಓಡಿಬಂದು ಹೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನೀರಿನ ಲೆಕ್ಕ ಅವಳದೇ. ಇದರ ಬೆನ್ನಿಗೆ ಗಾಜಿಗೂ ಮರಳಿಗೂ ಕಂದುಬಣ್ಣದ ಪಾಚಿ ಅಂಟಿಕೊಂಡು ತೊಟ್ಟಿ ಕುರೂಪವಾಗುತ್ತದೆ. ಹೆದರಬೇಕಾದುದಿಲ್ಲ, ನಾಲ್ಕಾರು ಬಸವನಹುಳುಗಳನ್ನು ಬಿಟ್ಟರೆ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ.

ಹವಳವು ಪ್ರಾಣಿ, ಆದರೆ ತನ್ನ ಮೈಯೊಳಗೆ ಒಕ್ಕಲಿರಿಸಿಕೊಂಡ ಏಕಕೋಶದ ಪಾಚಿಗಳಿಂದ ಊಟದ ಬಹುಭಾಗವನ್ನು ಪಡೆಯುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿಕೊಡುತ್ತದೆ, ಹವಳ ಅದಕ್ಕೆ ಆಸರೆಯನ್ನೂ ಗೊಬ್ಬರವನ್ನೂ ಕೊಡುತ್ತದೆ. ನೀರು ಮಿತಿಮೀರಿ ಬೆಚ್ಚಗಾದರೆ ಈ ಒಪ್ಪಂದ ಮುರಿದು, ಪಾಚಿಯನ್ನು ಕಳೆದುಕೊಂಡ ಹವಳ ಬೆಳ್ಳಗಾಗುತ್ತದೆ. ಪತ್ರಿಕೆಗಳಲ್ಲಿ ಆಸ್ಟ್ರೇಲಿಯದ ಮಹಾದಿಬ್ಬದ ವಿಷಯವಾಗಿ ಓದುವ ‘ಬಿಳಿಚುವಿಕೆ’ ಇದೇ. ಮನೆಯ ತೊಟ್ಟಿಯಲ್ಲಿ ಕೆಟ್ಟು ಉರಿಯುತ್ತಲೇ ಉಳಿದ ಶಾಖಯಂತ್ರವೊಂದು ಒಂದೇ ರಾತ್ರಿಯಲ್ಲಿ ಅದನ್ನು ಮಾಡಬಲ್ಲದು. ಮೇಲೊಂದು ಉಷ್ಣತಾ ನಿಯಂತ್ರಕವಿರುವುದು ಕ್ಷೇಮ. ದೀಪವೆಂದರೆ ಈಗ ಎಲ್.ಇ.ಡಿ.; ದಿನಕ್ಕೆ ಎಂಟೊಂಬತ್ತು ಗಂಟೆ ಸಾಕು. ನೀರು ಕೆಂಪು ಬೆಳಕನ್ನು ಬೇಗ ಹೀರುವುದರಿಂದ ಕಡಲಿನ ಆಳಕ್ಕೆ ಇಳಿಯುವುದು ನೀಲಿ. ಹವಳದ ದೀಪಗಳು ಅಷ್ಟು ನೀಲಿಯಾಗಿರುವುದಕ್ಕೆ ಅದೇ ಕಾರಣ.

ಮೊದಲ ಮೀನಾಗಿ ಕ್ಲೌನ್ ಮೀನಿನ ಒಂದು ಜೋಡಿ ಒಳ್ಳೆಯ ಆಯ್ಕೆ. ತೊಟ್ಟಿಗಳಲ್ಲಿಯೇ ಮರಿಮಾಡಿಸಿ ಬೆಳೆಸಿದವು ಧಾರಾಳವಾಗಿ ದೊರೆಯುತ್ತವೆ. ಕಡಲಿನಿಂದ ಹಿಡಿದವನ್ನು ಕೇಳಲೇಬೇಡಿ. ಆಗ್ನೇಯ ಏಷ್ಯದ ದಿಬ್ಬಗಳಲ್ಲಿ ಸಯನೈಡ್ ಚಿಮ್ಮಿಸಿ ಮೀನನ್ನು ಮಂಕುಗೊಳಿಸಿ ಹಿಡಿಯುವ ಪದ್ಧತಿ ಸುತ್ತಲಿನ ಹವಳವನ್ನೂ ಕೊಲ್ಲುತ್ತದೆ. ಈ ಮೀನುಗಳ ಸಂಸಾರವೂ ಸ್ವಾರಸ್ಯವಾದುದು: ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದು ಸತ್ತರೆ ಜೊತೆಯ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಚಿತ್ರದಲ್ಲಿ ಇದನ್ನು ತೋರಿಸಿಲ್ಲವೆಂಬುದು ಬೇರೆ ಮಾತು. ಅವು ವಾಸಿಸುವ ಕಡಲ ಅನಿಮೋನನ್ನು ಮೊದಲ ವರ್ಷ ತರಬಾರದು. ಅದಿಲ್ಲದೆಯೂ ಅವು ಸುಖವಾಗಿರುತ್ತವೆ. ಚಿತ್ರದ ನೀಲಿ ಮೀನು ಒಂದಡಿಯವರೆಗೂ ಬೆಳೆಯುವುದರಿಂದ ಸಣ್ಣ ತೊಟ್ಟಿ ಅದಕ್ಕೆ ಸೆರೆಮನೆ. ಹವಳಗಳಲ್ಲಿ ಅಣಬೆಯಾಕಾರದವು, ತೊಗಲಿನಂತಹ ಮೃದುಹವಳಗಳು ಹೊಸಬರ ತಪ್ಪುಗಳನ್ನು ಸಹಿಸಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಜೊವಾಂಥಿಡ್ ಎಂಬ ಬಣ್ಣಬಣ್ಣದ ಗುಂಡಿಯಾಕಾರದ ಜೀವಿಗಳು ಅಗ್ಗವಾಗಿ ಸಿಗುತ್ತವೆ, ಚೆನ್ನಾಗಿ ಬೆಳೆಯುತ್ತವೆ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ವಿಷವಿದೆ. ಹವಾಯಿ ದ್ವೀಪದ ಜೀವಿಯೊಂದರಿಂದ ಇದನ್ನು ಬೇರ್ಪಡಿಸಿದ ವರದಿ 1971ರಲ್ಲಿ ಪ್ರಕಟವಾಯಿತು. ಪ್ರಕೃತಿಯ ಅತ್ಯುಗ್ರ ವಿಷಗಳಲ್ಲಿ ಇದೊಂದು. ಇವು ಬೆಳೆದ ಕಲ್ಲನ್ನು ಶುಚಿಮಾಡಲೆಂದು ಬಿಸಿನೀರಿನಲ್ಲಿ ಕುದಿಸಿದಾಗ, ಒಣಗಿಸಿ ಉಜ್ಜಿದಾಗ, ವಿಷ ಗಾಳಿಯಲ್ಲಿ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ದಾಖಲಾಗಿವೆ. ತೊಟ್ಟಿಯ ಕಲ್ಲನ್ನು ಯಾವ ಕಾರಣಕ್ಕೂ ಒಲೆಯ ಮೇಲಿಡಬೇಡಿ. ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ. ಕೂಸುಗಳಿರುವ ಮನೆಗೆ ಇವು ಬೇಡವೆಂದೇ ನಮ್ಮ ಅಭಿಪ್ರಾಯ.

ಸಾಕಲಾಗದೆ ಹೋದರೆ ಕಡಲಿಗೆ ಬಿಡುವುದು ಪುಣ್ಯವೆಂದು ಕೆಲವರಿಗೆ ತೋರಬಹುದು. ಹಿಂದೂಮಹಾಸಾಗರ ಮತ್ತು ಪೆಸಿಫಿಕ್ಕಿನ ಸಿಂಹಮೀನು ಫ್ಲಾರಿಡದ ಕರಾವಳಿಯಲ್ಲಿ ಮೊದಲು ಕಂಡುದು 1985ರಲ್ಲಿ. ಅಕ್ವೇರಿಯಮ್ಮುಗಳಿಂದ ಹೊರಬಿದ್ದುದೆಂದು ತಜ್ಞರ ನಂಬಿಕೆ. ಇಂದು ಅದು ಕೆರಿಬಿಯನ್ ತುಂಬ ಹರಡಿ ಅಲ್ಲಿಯ ಮರಿಮೀನುಗಳನ್ನು ನುಂಗುತ್ತಿದೆ. ಬೇಡವಾದ ಜೀವಿಯನ್ನು ಅಂಗಡಿಗೆ ಇಲ್ಲವೇ ಬೇರೊಬ್ಬ ಹವ್ಯಾಸಿಗೆ ಕೊಡಿ. ಹಾಗೆಯೇ, ಊರಿಗೆ ಹೋದಾಗ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮಕ್ಕಳಿಗೆ ಹವಳಗಳನ್ನು ತೋರಿಸಿ. ಆದರೆ ಒಂದು ಚೂರನ್ನೂ ಎತ್ತಿ ತರಬೇಡಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ದಿಬ್ಬ ಕಟ್ಟುವ ಹವಳವು ಹುಲಿಯಂತೆಯೇ ಮೊದಲನೆಯ ಅನುಸೂಚಿಯಲ್ಲಿದೆ.

ರಜೆಯ ಮಾತು ಬಂದುದರಿಂದ ಇನ್ನೊಂದು. ನಾವು ನಾಲ್ಕು ದಿನ ಪರವೂರಿಗೆ ಹೋದಾಗ ನೆರೆಮನೆಯವರು ಪ್ರೀತಿಯಿಂದ ಒಂದು ತಿಂಗಳ ಆಹಾರವನ್ನು ಮೀನಿಗೆ ಉಣಬಡಿಸಿದ್ದರು. ಈಗ ಒಂದೊಂದು ದಿನದ ಆಹಾರವನ್ನು ಪುಟ್ಟ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು, ಡಬ್ಬಿಯನ್ನು ಬಚ್ಚಿಟ್ಟು ಹೋಗುತ್ತೇವೆ. ಚಳಿಗಾಲದ ಬಿರುಗಾಳಿಗೆ ವಿದ್ಯುತ್ ಹೋದರೆಂದು ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದನ್ನು ಪಕ್ಕದಲ್ಲಿಯೇ ಇರಿಸಿದ್ದೇವೆ.

ನಮ್ಮ ತೊಟ್ಟಿಯ ಅಣಬೆಹವಳ ಈಗ ಕಲ್ಲು ಮೀರಿ ಹಬ್ಬಿದೆ. ಬೇಕಾದ ಸದಸ್ಯರಿಗೆ ಒಂದೊಂದು ತುಂಡು ಕೊಡಲು ಸಿದ್ಧರಿದ್ದೇವೆ. ಅಮೋನಿಯವೂ ನೈಟ್ರೈಟೂ ಎರಡು ವಾರ ಸೊನ್ನೆಯಲ್ಲಿ ನಿಂತ ಮೇಲೆ ಬನ್ನಿ. ಬರುವಾಗ ಬಿಗಿಯಾದ ಮುಚ್ಚಳದ ಡಬ್ಬಿಯನ್ನೂ ನಿಮ್ಮ ಲೆಕ್ಕದ ಪುಸ್ತಕವನ್ನೂ ತನ್ನಿ. ಪುಸ್ತಕವನ್ನು ಮಗಳು ನೋಡುತ್ತಾಳೆ.