ಕೋಳಿಬಲೆಯ ಕೊಡೆಯಲ್ಲಿ ಇಳಿದ ಕನ್ನಡ

ರಾಜಾಜಿನಗರ, ವಿಜಯನಗರಗಳ ಹಳೆಯ ಮನೆಗಳಲ್ಲಿ ಟೀವಿ ಬಂದ ದಿನಗಳ ಮಾತೆತ್ತಿದರೆ ಅಜ್ಜ ಅಜ್ಜಿಯರ ಮುಖ ಅರಳುತ್ತದೆ. ವಠಾರಕ್ಕೆಲ್ಲ ಒಂದೇ ಪೆಟ್ಟಿಗೆ. ತಾರಸಿ ಹತ್ತಿ ಆಂಟೆನಾ ತಿರುಗಿಸುವವನೊಬ್ಬ, ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುವವರು ಹತ್ತು ಮಂದಿ. ಬೆಂಗಳೂರಿನಲ್ಲಿ ದೂರದರ್ಶನ ಪ್ರಸಾರ ಆರಂಭವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಕನ್ನಡ ಟೀವಿಯ ಕಥೆ ಅಲ್ಲಿಂದಲೇ ಶುರುವಾಯಿತೆಂದು ನಗರದ ಅನೇಕರ ನಂಬಿಕೆ.

ಆದರೆ ಅದಕ್ಕೂ ಆರು ವರ್ಷ ಮೊದಲೇ ಕನ್ನಡ ಮಾತನಾಡುವ ಟೀವಿಯನ್ನು ನೋಡಿದವರಿದ್ದರು. ಅವರು ರಾಜಧಾನಿಯವರಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯ ಜನ. ಅವರಲ್ಲಿ ಹಲವರು ಸಿನಿಮಾ ಥಿಯೇಟರನ್ನೂ ಕಂಡಿರಲಿಕ್ಕಿಲ್ಲ.

ಅದು ಭಾರತದ ಉಪಗ್ರಹ ಬೋಧನಾ ಟೀವಿ ಪ್ರಯೋಗ. 'ಸೈಟ್' ಎಂಬುದು ಅದರ ಚಿಕ್ಕ ಹೆಸರು. ವಿಕ್ರಂ ಸಾರಾಭಾಯಿ ಅವರ ಕನಸಿದು. ಟೀವಿ ಮೊದಲು ಪಟ್ಟಣಗಳಿಗೆ ಬಂದು, ಆಮೇಲೆ ನಿಧಾನವಾಗಿ ಹಳ್ಳಿಗೆ ಹೋಗುವುದು ಬೇಡ, ನೇರವಾಗಿ ಹಳ್ಳಿಗೇ ಇಳಿಯಲಿ ಎಂಬುದು ಅವರ ವಾದ. 1969ರಲ್ಲಿ ಅಮೆರಿಕದ ನಾಸಾದೊಂದಿಗೆ ಒಪ್ಪಂದವಾಯಿತು. ಪ್ರಯೋಗ ನಡೆಯುವುದನ್ನು ನೋಡಲು ಸಾರಾಭಾಯಿ ಇರಲಿಲ್ಲ. 1971ರ ಡಿಸೆಂಬರಿನಲ್ಲೇ ತೀರಿಕೊಂಡರು.

1974ರಲ್ಲಿ ಹಾರಿದ ಎಟಿಎಸ್-6 ಎಂಬ ಉಪಗ್ರಹವನ್ನು ಮರುವರ್ಷ ಭಾರತಕ್ಕೆ ಕಾಣುವಂತೆ ಪೂರ್ವ ಆಫ್ರಿಕಾದ ಮೇಲಕ್ಕೆ ಸರಿಸಲಾಯಿತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರ. ಆ ಎತ್ತರದಲ್ಲಿ ಉಪಗ್ರಹ ಭೂಮಿಯನ್ನು ಸುತ್ತುವ ವೇಗವೂ ಭೂಮಿ ತನ್ನ ಸುತ್ತ ತಿರುಗುವ ವೇಗವೂ ಹೊಂದಿಕೊಳ್ಳುವುದರಿಂದ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅದರ ಆಂಟೆನಾ ಬಾಹ್ಯಾಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಂಡಿತು. ಅಗಲ 9 ಮೀಟರ್. ಕೊಡೆ ಅಷ್ಟು ದೊಡ್ಡದಾದ್ದರಿಂದ ಸಂಕೇತ ಚೆದುರದೆ ಒತ್ತಾಗಿ ಇಳಿಯುತ್ತಿತ್ತು. ಹಳ್ಳಿಯಲ್ಲಿ ಅದನ್ನು ಹಿಡಿಯಲು ಅಗ್ಗದ ಉಪಕರಣವೇ ಸಾಕಾಯಿತು.

ಎಷ್ಟು ಅಗ್ಗದ್ದೆಂದರೆ, ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ 3 ಮೀಟರ್ ಅಗಲದ ತಟ್ಟೆ! ತೂತುಗಳಿಂದ ಸಂಕೇತ ಸೋರಿಹೋಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಸುಲಭ. ಉಪಗ್ರಹದ ಸಂಕೇತದ ಆವರ್ತಾಂಕ 860 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗಾಂತರ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅದಕ್ಕಿಂತ ಎಷ್ಟೋ ಚಿಕ್ಕದು. ಆ ಅಲೆಗೆ ಬಲೆಯೂ ಒಂದೇ, ಗಟ್ಟಿ ತಗಡೂ ಒಂದೇ. ಇಂದು ಕೆಂಗೇರಿಯ ಬಾಲ್ಕನಿಗಳಲ್ಲಿ ಕಾಣುವ ಪುಟ್ಟ ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅಲ್ಲಿ ಕೋಳಿಬಲೆಯ ಆಟ ನಡೆಯದು.

1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಪ್ರಸಾರ ನಡೆಯಿತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಬೆಳಗಿನ ಅವಧಿಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಹಂಚಿಕೊಂಡಾಗ ಒಂದೊಂದಕ್ಕೆ ಸಿಕ್ಕಿದ್ದು ಇಪ್ಪತ್ತೆರಡು ನಿಮಿಷ ಚಿಲ್ಲರೆ. ಕೃಷಿ, ಆರೋಗ್ಯ, ಕುಟುಂಬ ಯೋಜನೆ ಸಂಜೆಯ ಮುಖ್ಯ ವಿಷಯಗಳು.

ಈ ಕನ್ನಡದ ದಾರಿ ವಿಚಿತ್ರ. ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳ ತಯಾರಿ ಹೈದರಾಬಾದಿನಲ್ಲಿ. ಅಹಮದಾಬಾದಿನ ಭೂಕೇಂದ್ರದಿಂದ ಆಫ್ರಿಕಾದ ಮೇಲಿನ ಅಮೆರಿಕದ ಉಪಗ್ರಹಕ್ಕೆ, ಅಲ್ಲಿಂದ ಗುಲ್ಬರ್ಗದ ಶಾಲೆಯಂಗಳಕ್ಕೆ, ಎಲ್ಲ ಸೇರಿ ಕಾಲು ಸೆಕೆಂಡಿನಲ್ಲಿ! ಇನ್ನೊಂದು ತೊಡಕೂ ಇತ್ತು. ಉಪಗ್ರಹ ಒಂದು ಚಿತ್ರವನ್ನು ಎರಡು ಧ್ವನಿಗಳೊಂದಿಗೆ ಕಳಿಸಬಲ್ಲದಾಗಿತ್ತು. ಹೀಗಾಗಿ ಒಂದೇ ಚಿತ್ರ ಆಂಧ್ರದಲ್ಲಿ ತೆಲುಗು, ಕರ್ನಾಟಕದಲ್ಲಿ ಕನ್ನಡ ಮಾತನಾಡಬಹುದಿತ್ತು. ಜಾಣತನವೇನೋ ಹೌದು. ಆದರೆ ತೆರೆಯ ಮೇಲಿನ ರೈತನ ತುಟಿ ಏಕಕಾಲಕ್ಕೆ ಎರಡು ಭಾಷೆಗೆ ಹೊಂದುವುದೆಂತು? ಹಳ್ಳಿಯವನಿಗೆ ತನ್ನ ಊರಿನವನೇ ಮಾತನಾಡಿದಂತೆ ಅನಿಸಬೇಕಾದರೆ ಚಿತ್ರವೂ ತನ್ನದಾಗಬೇಕು, ಬರೀ ಧ್ವನಿಯಲ್ಲ.

ಶಿಕ್ಷಕರ ಪಾಲಿಗೆ ಇದರ ದೊಡ್ಡ ಲಾಭ ಬೇರೆಯೇ. ರಜೆಯ ದಿನಗಳಲ್ಲಿ ಈ ಉಪಗ್ರಹದ ಮೂಲಕವೇ ಎಲ್ಲ ರಾಜ್ಯಗಳ ಒಟ್ಟು ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. ಮಕ್ಕಳ ವಿಷಯಕ್ಕೆ ಬಂದರೆ, ಪ್ರಯೋಗದ ನಂತರದ ಅಧ್ಯಯನಗಳಲ್ಲಿ ಭಾಷೆಯ ಬೆಳವಣಿಗೆ ಮತ್ತು ತಿಳಿಯುವ ಕುತೂಹಲ ಹೆಚ್ಚಿದ್ದು ಕಂಡುಬಂತು. ಶಾಲೆ ಬಿಡುವವರ ಸಂಖ್ಯೆ ಮಾತ್ರ ಇಳಿಯಲಿಲ್ಲ. ಹೊಲದ ಕೆಲಸಕ್ಕೆ ಮಗು ಬೇಕಾದ ಮನೆಯನ್ನು ಟೀವಿ ಹೇಗೆ ಬದಲಿಸೀತು?

1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು. ಉಪಗ್ರಹವನ್ನು ಅಮೆರಿಕ ಮರಳಿ ಸರಿಸಿಕೊಂಡಿತು. ತಟ್ಟೆಗಳು ಖಾಲಿ ಆಕಾಶಕ್ಕೆ ಮುಖ ಮಾಡಿ ನಿಂತವು. ಕೆಲವು ಹಳ್ಳಿಗಳಿಗಾದರೂ ಪ್ರಸಾರ ಮುಂದುವರಿಯಲೆಂದು ನೆಲದ ಮೇಲಿನ ಪ್ರಸಾರ ಕೇಂದ್ರಗಳನ್ನು ಕಟ್ಟಲಾಯಿತು. ಹಾಗೆ 1977ರಲ್ಲಿ ಗುಲ್ಬರ್ಗ ದೂರದರ್ಶನ ಕೇಂದ್ರ ಹುಟ್ಟಿತು. ಕರ್ನಾಟಕದ ಮೊದಲ ಟೀವಿ ಕೇಂದ್ರ ಅದೇ.

ಮುಂದಿನದು ನಗರದವರಿಗೆ ಗೊತ್ತಿರುವ ಕಥೆ. ಬೆಂಗಳೂರು ಕೇಂದ್ರ, 'ಚಿತ್ರಮಂಜರಿ', 1994ರ ಜೂನ್‌ನಲ್ಲಿ ಉದಯ ಟೀವಿ, ಕೇಬಲ್ಲು. ಬೋಧನೆಯ ಪೆಟ್ಟಿಗೆ ಮನರಂಜನೆಯ ಪೆಟ್ಟಿಗೆಯಾಯಿತು. ಸೈಟ್‌ನ ಹಳೆಯ ಆಸೆಯ ಒಂದು ಎಳೆ ಉಳಿದದ್ದು ಚಂದನ ವಾಹಿನಿಯಲ್ಲಿ: 2002ರಲ್ಲಿ ಅಲ್ಲಿ ಆರಂಭವಾದ, ನಾ. ಸೋಮೇಶ್ವರ ನಡೆಸಿಕೊಡುವ 'ಥಟ್ ಅಂತ ಹೇಳಿ' ರಸಪ್ರಶ್ನೆಗೆ ಪುಸ್ತಕವೇ ಬಹುಮಾನ.

ನೆಲದ ಮೇಲಿನ ಹಳೆಯ ಅನಲಾಗ್ ಪ್ರಸಾರಕಗಳನ್ನು 2021ರಲ್ಲಿ ದೇಶದಾದ್ಯಂತ ನಿಲ್ಲಿಸುತ್ತಾ ಬಂದಾಗ ಕಲಬುರಗಿಯ ಸರದಿಯೂ ಬಂತು. ಅಲ್ಲಿ ತಯಾರಾಗುವ ಕಾರ್ಯಕ್ರಮಗಳು ಚಂದನಕ್ಕೆ ಮತ್ತು ಯೂಟ್ಯೂಬಿಗೆ ಹೋಗುತ್ತವೆ ಎಂದು ಪ್ರಸಾರ ಭಾರತಿ ಆಗ ತಿಳಿಸಿತು. ಚಂದನ ನಾಡಿನ ಮನೆಮನೆಗೆ ಇಳಿಯುವುದು ಈಗಲೂ ಉಪಗ್ರಹದಿಂದಲೇ. ಆದರೆ ಆ ಉಪಗ್ರಹ ಎರವಲು ತಂದದ್ದಲ್ಲ.