ಚೆನ್ನಾಗಿರುವ ರಸ್ತೆಗೇ ಏಕೆ ಡಾಂಬರು?

"ನಮ್ಮೂರಿನ ರಸ್ತೆಯಲ್ಲಿ ಒಂದೂ ಗುಂಡಿ ಇರಲಿಲ್ಲ. ಆದರೂ ಡಾಂಬರು ಸಿಂಪಡಿಸಿ, ಸಣ್ಣ ಜಲ್ಲಿ ಹರಡಿ, ರೋಲರ್ ಓಡಿಸಿ ಹೋದರು. ಇದು ದುಡ್ಡು ದಂಡವಲ್ಲವೇ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಅನುಮಾನ ಸಹಜ. ಆದರೆ ಸರಿಯಾಗಿ ಮಾಡಿದ್ದರೆ ಅದಕ್ಕಿಂತ ಜಾಣ ಖರ್ಚು ಇನ್ನೊಂದಿಲ್ಲ.

ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಮಾಡು ಹತ್ತಿ ಹೆಂಚು ಕೈಯಾಡಿಸುತ್ತಾರೆ. ಸೋರಿ ಸೋರಿ ಪಕಾಸಿ ಕುಂಬಾದ ಮೇಲೆ ಹೆಂಚು ಬದಲಿಸಿ ಫಲವಿಲ್ಲ. ರಸ್ತೆಯ ಲೆಕ್ಕವೂ ಇದೇ. ಭಾರ ಹೊರುವುದು ಕೆಳಗಿನ ಜಲ್ಲಿಯ ಪದರಗಳು. ಹಳ್ಳಿ ರಸ್ತೆಯ ತೆಳು ಡಾಂಬರಿನ ಮುಖ್ಯ ಕೆಲಸ ನೀರು ಒಳಗಿಳಿಯದಂತೆ ತಡೆಯುವುದು. ಬಿಸಿಲು ಮತ್ತು ಗಾಳಿಯ ಆಮ್ಲಜನಕಕ್ಕೆ ಡಾಂಬರು ವರ್ಷದಿಂದ ವರ್ಷಕ್ಕೆ ಗಡಸಾಗಿ, ಸೀಳುತ್ತದೆ. ಕೂದಲೆಳೆಯಂಥ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ. ಕಲ್ಲಿಗೆ ಡಾಂಬರಿಗಿಂತ ನೀರಿನ ನಂಟೇ ಹೆಚ್ಚು. ಹಾಗಾಗಿ ನೀರು ನಡುವೆ ನುಗ್ಗಿ ಎರಡನ್ನೂ ಬಿಡಿಸುತ್ತದೆ. ಅಡಿಯ ಮಣ್ಣು ಮೆತ್ತಗಾಗುತ್ತದೆ. ಮೇಲೆ ತುಂಬಿದ ಲಾರಿ ಹೋದರೆ ಮುಗಿಯಿತು. ನಮ್ಮ ಕಣ್ಣಿಗೆ ಬೀಳುವ ಗುಂಡಿ ಈ ಕಾಯಿಲೆಯ ಕೊನೆಯ ಹಂತ.

ಡಾಂಬರು ಸಿಂಪಡಿಸಿ ಜಲ್ಲಿ ಹರಡುವುದು ಬಹುಕಾಲ ಬರೀ ಕೈಯಂದಾಜಿನ ಕೆಲಸವಾಗಿತ್ತು. ಡಾಂಬರು ಕಡಿಮೆಯಾದರೆ ಜಲ್ಲಿ ಸಿಡಿದುಹೋಗುತ್ತಿತ್ತು. ಹೆಚ್ಚಾದರೆ ಬೇಸಿಗೆಯಲ್ಲಿ ಮೇಲೆ ಉಕ್ಕಿ ಚಕ್ರ ಜಾರುತ್ತಿತ್ತು. ಇದಕ್ಕೆ ಗಣಿತ ಕೊಟ್ಟವರು ನ್ಯೂಜಿಲೆಂಡಿನ ಎಂಜಿನಿಯರ್ ಎಫ್. ಎಂ. ಹ್ಯಾನ್ಸನ್. 1930ರ ದಶಕದಲ್ಲಿ ಅವರು ಅಳೆದದ್ದು ಕಲ್ಲನ್ನಲ್ಲ, ಕಲ್ಲುಗಳ ನಡುವಿನ ಖಾಲಿ ಜಾಗವನ್ನು. ಆಗತಾನೆ ಸುರಿದ ಒಂದೇ ಪದರದ ಜಲ್ಲಿಯಲ್ಲಿ ಸುಮಾರು ಶೇ. 50ರಷ್ಟು ಖಾಲಿ. ರೋಲರ್ ಓಡಿದ ಮೇಲೆ ಶೇ. 30. ವಾಹನಗಳು ಓಡಾಡಿ ಪ್ರತಿ ಕಲ್ಲೂ ತನ್ನ ಚಪ್ಪಟೆ ಮೈ ಮೇಲೆ ಮಲಗಿದಾಗ ಸುಮಾರು ಶೇ. 20. ಅಂದರೆ ಪದರದ ಅಂತಿಮ ದಪ್ಪವನ್ನು ಹೇಳುವುದು ಕಲ್ಲಿನ ಅತಿ ಕಿರಿದಾದ ಅಳತೆ. ಕೊನೆಗೆ ಉಳಿಯುವ ಆ ಖಾಲಿ ಜಾಗದಲ್ಲಿ ಶೇ. 60ರಿಂದ 75ರಷ್ಟು ಡಾಂಬರು ತುಂಬಬೇಕು ಎಂದರು ಹ್ಯಾನ್ಸನ್. ರಸ್ತೆಯನ್ನು ಪೂರ್ತಿಗೊಳಿಸುವುದು ಅದರ ಮೇಲೆ ಓಡುವ ಚಕ್ರಗಳೇ ಎಂಬುದನ್ನು ಲೆಕ್ಕಕ್ಕೆ ತಂದ ಈ ವಿಚಾರ ನನಗೆ ಇಂದಿಗೂ ಬೆರಗು. ಈಗಿನ ಹಲವು ವಿನ್ಯಾಸ ವಿಧಾನಗಳ ಬೇರು ಇಲ್ಲೇ ಇದೆ.

ಈಚೆಗೆ 'ಮೈಕ್ರೋ ಸರ್ಫೇಸಿಂಗ್' ಹೆಸರು ಹೆಚ್ಚಾಗಿ ಕೇಳಿಬರುತ್ತಿದೆ. ಪಾಲಿಮರ್ ಬೆರೆಸಿದ ಡಾಂಬರನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಕದಡಿ, ಕಲ್ಲುಪುಡಿಯೊಂದಿಗೆ ಕೆಲವೇ ಮಿಲಿಮೀಟರ್ ದಪ್ಪ ಹರಡುತ್ತಾರೆ, ಕಾಯಿಸುವ ಗೋಜಿಲ್ಲ. 2008ರಲ್ಲೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾನದಂಡ ಪ್ರಕಟಿಸಿದೆ. ವಿಧಾನ ಒಳ್ಳೆಯದೇ. ಆದರೆ ಇದನ್ನು ಗುಂಡಿಗೆ ಮದ್ದು ಎಂದು ಮಾರುವವರನ್ನು ನಂಬಬೇಡಿ. ಅಡಿಪಾಯ ಕುಸಿದ ರಸ್ತೆಗೆ ಯಾವ ತೆಳು ಪದರವೂ ಬಲ ಕೊಡದು. ಬದಿಯ ಚರಂಡಿ ಕಟ್ಟಿಕೊಂಡಿದ್ದರೆ ನೀರು ಪಕ್ಕದಿಂದಲೇ ಒಳನುಗ್ಗುತ್ತದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಕಾಮಗಾರಿ ಮುಗಿದ ಮೇಲೆ ಐದು ವರ್ಷ ನಿರ್ವಹಣೆ ಗುತ್ತಿಗೆದಾರರದೇ ಹೊಣೆ. ನಿಮ್ಮೂರಿನ ರಸ್ತೆ ಆ ಯೋಜನೆಯದಾಗಿದ್ದರೆ, ಗುಂಡಿ ಬೀಳುವ ತನಕ ಕಾಯಬೇಡಿ. ಬಿರುಕು ಕಂಡ ಕೂಡಲೇ, ಮಳೆಗಾಲಕ್ಕೆ ಮುನ್ನ, ದುರಸ್ತಿ ಕೇಳಿ.